ಮರವಲ್ಲದ ಬಾಗಿಲು

ನನ್ನ ಕೆಲಸ ಏನೆಂದು ಕೇಳಿದವರಿಗೆ ಒಂದೇ ಮಾತಿನಲ್ಲಿ ಹೇಳಿ ಮುಗಿಸುವುದು ನನಗೆ ಇಂದಿಗೂ ಬಂದಿಲ್ಲ. ದಪ್ಪ ದಪ್ಪ ವಿದ್ವತ್ ಪುಸ್ತಕಗಳ ಕೊನೆಯಲ್ಲಿ ಯಾವ ವಿಷಯ ಯಾವ ಪುಟದಲ್ಲಿದೆ ಎಂದು ಅಕ್ಷರ ಕ್ರಮದಲ್ಲಿ ಕೊಟ್ಟಿರುತ್ತಾರಲ್ಲ, ಆ ಪದಸೂಚಿ ಮಾಡುವವಳು ನಾನು. ಅದನ್ನು ಕಂಪ್ಯೂಟರೇ ಮಾಡಿಕೊಳ್ಳುತ್ತದೆ ಎಂದು ಹೆಚ್ಚಿನವರ ನಂಬಿಕೆ. ನನ್ನ ಅತ್ತೆ ಮಾತ್ರ ಮನೆಗೆ ಬಂದ ನೆಂಟರಿಗೆ ಸಲೀಸಾಗಿ ಹೇಳಿಬಿಡುತ್ತಿದ್ದರು: "ಬೇರೆಯವ್ರು ಬರೆದಿದ್ದನ್ನ ಓದಿ ಹೆದರ್ಕೊಳ್ಳೋ ಕೆಲಸ. ಅದಕ್ಕೆ ಸಂಬಳಾನೂ ಕೊಡ್ತಾರೆ." ಅದಕ್ಕಿಂತ ಸರಿಯಾಗಿ ನಾನೂ ಹೇಳಲಾರೆ.

ನನಗೆ ಕೆಲಸ ಕಳಿಸುವ ದೂರದ ಊರಿನ ಪ್ರಕಾಶನದವರು ಮುಟ್ಟದ ವಿಷಯವೇ ಇಲ್ಲ. ಒಮ್ಮೆ ಹಳೆಯ ಶಾಸನಗಳು ಬಂದರೆ ಅದರ ಹಿಂದೆಯೇ ಹೃದಯದ ಕವಾಟಗಳು. ಹೊಳೆಮೀನುಗಳ ಮೇಲೊಂದು, ಭೂಕಂದಾಯದ ಮೇಲೊಂದು, ನನಗೆ ತಲೆಬುಡ ಅರ್ಥವಾಗದ ಗಣಿತದ ಮೇಲೊಂದು. ಎಲ್ಲವೂ ಮೇಲ್‌ನಲ್ಲಿ ಬರುತ್ತವೆ. ಮಳೆಗಾಲದಲ್ಲಿ ಮಡಿಕೇರಿಯ ಕರೆಂಟನ್ನು ನಂಬುವ ಹಾಗಿಲ್ಲವಾದ್ದರಿಂದ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಮನೆಗೆ ತರುತ್ತಿದ್ದೆ. ಬರೆದ ಪಂಡಿತರಿಗೆ ತಮ್ಮ ವಿಷಯ ಪೂರ್ತಿ ಗೊತ್ತು, ಹಾಗಾಗಿ ಅವರು ನೆಮ್ಮದಿಯಾಗಿರುತ್ತಾರೆ. ನನಗೆ ಎಲ್ಲರ ವಿಷಯವೂ ಅರ್ಧ ಗೊತ್ತು. ಅರ್ಧ ಗೊತ್ತಿರುವುದರಷ್ಟು ಹೆದರಿಸುವಂಥದ್ದು ಬೇರೆ ಯಾವುದೂ ಇಲ್ಲ.

ಹೃದಯದ ಪುಸ್ತಕ ಮುಗಿಯುವವರೆಗೆ ನನ್ನ ಗಂಡ ಆಫೀಸಿನಿಂದ ಏರು ಹತ್ತಿ ಬಂದು ಚಪ್ಪಲಿ ಬಿಡುವ ಮೊದಲೇ ನಾನು ಅವರ ಉಸಿರಿಗೆ ಕಿವಿ ಕೊಟ್ಟು ನಿಂತಿರುತ್ತಿದ್ದೆ. ಹುಚ್ಚುನಾಯಿ ರೋಗದ ಪುಸ್ತಕ ಬಂದಾಗ ಬೀದಿಯ ಎಲ್ಲ ನಾಯಿಗಳೂ ನನ್ನನ್ನೇ ನೋಡುತ್ತಿದ್ದವು. ವಿಷಗಳ ಪುಸ್ತಕ ಬಂದದ್ದು ಮೊದಲ ಗುಡುಗಿನ ಹೊತ್ತಿಗೆ, ಅಂದರೆ ಅಣಬೆ ಏಳುವ ಕಾಲಕ್ಕೆ. ಅತ್ತೆ ಬೆಳಿಗ್ಗೆಯೆಲ್ಲ ಕೂತು ಅಣಬೆ ಬಿಡಿಸಿ, ಕಾಯಿ ರುಬ್ಬಿ ಸಾರು ಮಾಡಿಟ್ಟಿದ್ದರು. ಅವರು ಸ್ನಾನಕ್ಕೆ ಹೋದಾಗ ನಾನು ಪಾತ್ರೆಯನ್ನು ಎತ್ತಿಕೊಂಡು ಹೋಗಿ ಗೊಬ್ಬರದ ಗುಂಡಿಗೆ ಸುರಿದು ಬಂದೆ.

"ನಮ್ಮಮ್ಮ ತಿಂದ್ಲು, ಅವಳಮ್ಮ ತಿಂದ್ಲು, ಯಾರೂ ಸಾಯ್ಲಿಲ್ಲ," ಎಂದು ಅತ್ತೆ ಒದ್ದೆ ಕೂದಲಲ್ಲೇ ನಿಂತು ಕೂಗಿದರು. "ನಿನ್ನ ಪುಸ್ತಕದೋನು ಒಂದಿನನಾದ್ರೂ ಅಣಬೆ ಬಿಡ್ಸಿದ್ನೇನೆ?"

ಸಿಟ್ಟು ಇಳಿದ ಮೇಲೆ ಅವರಿಗೆ ನಗು ಬಂತು. ಉಪ್ಪಿನಕಾಯಿ ಅನ್ನ ಕಲಸಿಕೊಂಡು ತಿನ್ನುತ್ತಾ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಂದಿನಿಂದ ನನ್ನ ಗಂಡ ತಟ್ಟೆಯ ಮುಂದೆ ಕೂತಾಗಲೆಲ್ಲ, "ಇದು ನಿನ್ನ ಸೂಚಿಯಲ್ಲಿ ಇಲ್ಲ ತಾನೆ?" ಎಂದು ಕೇಳಿಯೇ ಕೈ ಹಾಕುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಆದರೆ ಒಂದು ಮಾತು ನಿಜ, ಅತ್ತೆ ನಕ್ಕರೆ ನನ್ನ ಭಯ ಅರ್ಧ ಇಳಿಯುತ್ತಿತ್ತು. ಅವರು ನಗುತ್ತಾರೆಂಬ ಧೈರ್ಯದಿಂದಲೇ ನಾನು ಅಷ್ಟೊಂದು ಹೆದರುತ್ತಿದ್ದೆನೋ ಏನೋ.

ಆ ವರ್ಷದ ಮಳೆ ಜೋರಾದಾಗ ಬಂದದ್ದು ಗುಡ್ಡಗಳ ಪುಸ್ತಕ. ಇಳಿಜಾರುಗಳು ಏಕೆ ನಿಲ್ಲುತ್ತವೆ, ಹೇಗೆ ಜಾರುತ್ತವೆ ಎಂಬುದರ ಮೇಲೆ ಒಬ್ಬ ಭೂವಿಜ್ಞಾನಿ ಬರೆದದ್ದು. ಮಡಿಕೇರಿಯಲ್ಲಿ ಕೂತು ಅದನ್ನು ಓದುವುದೆಂದರೆ ಏನು ಎಂದು ಬೇರೆ ಊರಿನವರಿಗೆ ಹೇಳಬೇಕಾಗುತ್ತದೆ. ನಮ್ಮಲ್ಲಿ ಮನೆ ಕಟ್ಟುವ ಮೊದಲು ಗುಡ್ಡವನ್ನು ಕತ್ತರಿಸಿ ಮಟ್ಟ ಮಾಡುತ್ತಾರೆ. ಕತ್ತರಿಸಿದ ಕಡೆ ಗೋಡೆಯ ಹಾಗೆ ನಿಲ್ಲುವ ಮಣ್ಣಿಗೆ ಬರೆ ಎನ್ನುತ್ತೇವೆ. ಪ್ರತಿ ಮನೆಯ ಬೆನ್ನಿಗೂ ಒಂದು ಬರೆ. ಮಳೆಗಾಲ ಬಂದರೆ ಅದಕ್ಕೆ ನೀಲಿ ಟಾರ್ಪಾಲು ಹೊದೆಸಿ, ಅಂಚಿಗೆ ಮರಳಿನ ಚೀಲ ಇಟ್ಟು, ಆಮೇಲೆ ಅದರ ಕಡೆ ತಲೆ ಹಾಕುವುದಿಲ್ಲ. ನಮ್ಮ ಬರೆ ಅತ್ತೆಯ ಕೋಣೆಯ ಕಿಟಕಿಯ ಎದುರೇ ಇತ್ತು. ಮಂಚದ ಮೇಲೆ ಮಲಗಿದರೆ ಟಾರ್ಪಾಲಿನ ನೀಲಿ ಕಾಣುತ್ತಿತ್ತು.

ಜಾರುವ ಮೊದಲು ಗುಡ್ಡ ಕೊಡುವ ಸೂಚನೆಗಳ ಬಗ್ಗೆ ಪುಸ್ತಕದಲ್ಲಿ ಒಂದು ಅಧ್ಯಾಯವಿತ್ತು. ಮರಗಳು ವಾಲುವುದು, ಒಸರುವ ನೀರು ಕೆಂಪಾಗುವುದು, ನೆಲ ಬಿರಿಯುವುದು. ಬಾಗಿಲುಗಳು ಬಿಗಿಯಾಗುವುದು ಎಂದೂ ಇತ್ತು. ನಾನು ಅದನ್ನು 'ಬಾಗಿಲು' ಎಂದು ಸೂಚಿಗೆ ಸೇರಿಸಿ, ಮುಂದೆ 'ಗೋಡೆಯ ಚಲನೆ ನೋಡಿ' ಎಂದು ಹಾಕಿದೆ. ಹಾಕಿದ ಮೇಲೆ ಎದ್ದು ಹೋಗಿ ನಮ್ಮ ಮುಂಬಾಗಿಲನ್ನು ನೋಡಿದೆ. ಅದು ಬಿಗಿಯಾಗಿತ್ತು.

"ಅತ್ತೆ, ಬಾಗಿಲು ಹಾಕಕ್ಕೆ ಆಗ್ತಿಲ್ಲ."

"ಯಾವ ಮಳೆಗಾಲದಲ್ಲಿ ಆಗಿತ್ತು? ಮರ ಉಬ್ಬಿರ್ತದೆ. ಆಚಾರಿಗೆ ಹೇಳು."

ಅವರ ಮಾತು ತೆಗೆದುಹಾಕುವಂಥದ್ದಲ್ಲ. ಆಷಾಢದಲ್ಲಿ ಕೊಡಗಿನ ಯಾವ ಮನೆಯ ಬಾಗಿಲೂ ಸುಮ್ಮನೆ ಮುಚ್ಚಿಕೊಳ್ಳುವುದಿಲ್ಲ. ಆಚಾರಿ ಉಜ್ಜುಗೊರಡು ಹಿಡಿದು ಬೀದಿಬೀದಿ ಸುತ್ತುವುದೇ ಆ ತಿಂಗಳಲ್ಲಿ. ಮಳೆ ಹೋದ ಮೇಲೆ ಉಜ್ಜಿದ ಬಾಗಿಲು ಸಂದು ಬಿಡುತ್ತದೆ, ಚಳಿಗೆ ಆ ಸಂದಿಗೆ ಬಟ್ಟೆ ತುರುಕುತ್ತೇವೆ. ನಮ್ಮ ಮನೆಗೂ ಆಚಾರಿ ಬಂದ, ಮುಂಬಾಗಿಲು ಉಜ್ಜಿದ, ಅತ್ತೆಯ ಕೋಣೆಯ ಬಾಗಿಲನ್ನೂ ಉಜ್ಜಿದ, ಕಾಫಿ ಕುಡಿದು ಹೋದ. ಅತ್ತೆ ನನ್ನನ್ನು ನೋಡಿ, "ಇನ್ನೇನ್ ಬರೆದವ್ರೆ, ಓದು" ಎಂದು ನಕ್ಕರು. ನನಗೂ ನಾಚಿಕೆಯಾಗಿ ಮತ್ತೆ ಕೆಲಸಕ್ಕೆ ಕೂತೆ.

ಕೆಲವು ದಿನ ಕಳೆದು ಒಂದು ಮಧ್ಯಾಹ್ನ, ಬಚ್ಚಲುಮನೆಗೆ ಹೋದವಳು ಬಾಗಿಲು ಎಳೆದರೆ ಅದು ಮುಚ್ಚಲಿಲ್ಲ. ಮೇಲಿನ ಮೂಲೆ ಚೌಕಟ್ಟಿಗೆ ತಾಗಿ ನಿಂತಿತು. ಮರ ಉಬ್ಬಿದೆ ಎಂದು ನನ್ನ ಬಾಯಿಗೇ ಬಂತು. ಇನ್ನೊಮ್ಮೆ ಎಳೆದೆ. ಆಗ ಕೈ ಅಲ್ಲೇ ನಿಂತುಹೋಯಿತು. ಅದು ಮರದ ಬಾಗಿಲಲ್ಲ. ಹಳೆಯದು ಪ್ರತಿ ಮಳೆಗೂ ಉಬ್ಬಿ ಉಬ್ಬಿ ಕೊಳೆತುಹೋಗಿದ್ದರಿಂದ ಹಿಂದಿನ ಬೇಸಿಗೆಯಲ್ಲಿ ಫೈಬರ್ ಬಾಗಿಲು ಹಾಕಿಸಿದ್ದೆವು. ಹಾಕಿಸಿದ್ದೇ ಅದು ಉಬ್ಬುವುದಿಲ್ಲ ಎಂದು. ಚೌಕಟ್ಟೂ ಮರದ್ದಲ್ಲ, ಸಿಮೆಂಟಿನದು.

ಬಾಗಿಲು ಇದ್ದ ಹಾಗೇ ಇತ್ತು. ಸರಿದದ್ದು ಗೋಡೆ.

ಇಷ್ಟು ವರ್ಷ ನಾನು ಹೆದರಿದ್ದೆಲ್ಲ ತಲೆಯಲ್ಲಿತ್ತು. ಈ ಸಲದ್ದು ಕೈಗೆ ತಾಗುವ ಹಾಗೆ ಎದುರಿಗೇ ಇತ್ತು. ಹಿತ್ತಲಿಗೆ ಓಡಿ ನೋಡಿದರೆ ಬರೆಯ ಬುಡದಿಂದ ಚರಂಡಿಗೆ ಬರುತ್ತಿದ್ದ ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ಗಂಡನಿಗೆ ಫೋನ್ ಮಾಡಿದೆ. "ಮಳೇಲಿ ಕೆಂಪು ನೀರು ಬರದೆ ಹಾಲು ಬರುತ್ತಾ?" ಎಂದರು. ಬಾಗಿಲಿನ ವಿಷಯ ಹೇಳುವಷ್ಟರಲ್ಲಿ ಸಿಗ್ನಲ್ ಹೋಯಿತು.

ಅತ್ತೆ ತಮ್ಮ ಕೋಣೆಯಲ್ಲಿ ಕಂಬಳಿ ಹೊದ್ದು ಮಲಗಿದ್ದರು. ಕುಶಾಲನಗರದ ನಾದಿನಿಯ ಮನೆಗೆ ಈಗಲೇ ಹೋಗೋಣ ಎಂದೆ.

"ಕರೀದೆ ಮಗಳ ಮನೆಗೆ ಹೋಗಿ ಏನಂತ ಹೇಳ್ಲಿ? ಸೊಸೆ ಪುಸ್ತಕ ಓದಿದ್ಲು ಅಂತ್ಲಾ?"

ಅಣಬೆ, ನಾಯಿ, ಹೃದಯ, ಎಲ್ಲವೂ ನನ್ನ ವಿರುದ್ಧವೇ ಸಾಕ್ಷಿ ಹೇಳುತ್ತಿದ್ದವು. ಅವರ ಕೈ ಹಿಡಿದು ಎಬ್ಬಿಸಿ ಬಚ್ಚಲಿನ ಮುಂದೆ ನಿಲ್ಲಿಸಿದೆ. "ಇದನ್ನ ಮುಚ್ಚಿ ಅತ್ತೆ" ಎಂದೆ. ಅತ್ತೆ ಎಳೆದರು, ಬರಲಿಲ್ಲ. "ಮರ ಉ..." ಎಂದವರು ಅಲ್ಲಿಗೇ ನಿಲ್ಲಿಸಿದರು. ಅಂಗೈಯಿಂದ ಬಾಗಿಲನ್ನು ಸವರಿದರು, ಮೇಲಿನ ಮೂಲೆಯನ್ನು ನೋಡಿದರು. ಅವರ ತುಟಿಯ ಮೇಲಿನ ನಗು ಆರಿಹೋದದ್ದನ್ನು ನಾನು ಅಷ್ಟು ಹತ್ತಿರದಿಂದ ನೋಡಿದೆ.

"ಸೀರೆ ತಗೋತೀನಿ, ನಡಿ," ಎಂದರು.

ಕುಶಾಲನಗರದಲ್ಲಿ ಮಳೆಯೂ ಕಡಿಮೆ, ನೆಲವೂ ಮಟ್ಟ. ನಾದಿನಿ ಬಿಸಿ ಬಿಸಿ ರೊಟ್ಟಿ ತಟ್ಟಿ ಹಾಕಿದಳು. ಮಾರನೆಯ ದಿನ ಏನೂ ಆಗಲಿಲ್ಲ. ಅದರ ಮಾರನೆಯ ದಿನವೂ ಏನೂ ಆಗಲಿಲ್ಲ. ಅದೇ ರಾತ್ರಿ ಬಂದು ಸೇರಿಕೊಂಡ ನನ್ನ ಗಂಡ ಅಲ್ಲಿಂದಲೇ ಬಸ್ಸಿನಲ್ಲಿ ಆಫೀಸಿಗೆ ಹೋಗಿ, ದಾರಿಯಲ್ಲಿ ಮನೆಯ ಕಡೆ ಇಣುಕಿ ಬಂದು, "ಮನೆ ಅಲ್ಲೇ ಇದೆ, ಎಲ್ಲೂ ಹೋಗಿಲ್ಲ" ಎಂದು ತಂಗಿಯ ಮುಂದೆ ವರದಿ ಒಪ್ಪಿಸುತ್ತಿದ್ದರು. ಅಣಬೆಯ ಕಥೆ ಮತ್ತೆ ಹೊರಬಂತು. ಅತ್ತೆಗೂ ಧೈರ್ಯ ಮರಳಿ, ಚೀಲಕ್ಕೆ ಸೀರೆ ತುಂಬತೊಡಗಿದರು. ನಾಳೆ ಬೆಳಿಗ್ಗೆ ತಿಂಡಿ ತಿಂದು ಬಸ್ಸಿಗೆ ಹೊರಡುವುದೆಂದಾಯಿತು. ಆ ಹೊತ್ತಿನಲ್ಲಿ ನನ್ನ ಮನಸ್ಸಿಗೆ ಬಂದದ್ದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಬರೆ ಕುಸಿದರೆ ಸಾಕು ಎಂದುಕೊಂಡೆ. ಕುಸಿಯದಿದ್ದರೆ ಅತ್ತೆ ಮತ್ತೆ ಆ ಮಂಚದ ಮೇಲೆ ಮಲಗುತ್ತಾರೆ, ಆಮೇಲೆ ನಾನು ಏನು ಹೇಳಿದರೂ ಏಳುವುದಿಲ್ಲ.

ಬೆಳಿಗ್ಗೆ ನಾವು ತಿಂಡಿಗೆ ಕೂತಿದ್ದಾಗ ಮಡಿಕೇರಿಯ ಎದುರುಮನೆಯವರ ಫೋನ್ ಬಂತು. ನೀವೇ ನೋಡಿ ಎಂದು ಅವರು ಫೋಟೋ ಕಳಿಸಿದರು. ಮನೆಯ ಮುಂಭಾಗ ಹಾಗೇ ಇತ್ತು, ತುಳಸಿಕಟ್ಟೆಯೂ ಇತ್ತು. ಹಿಂದೆ ಮಣ್ಣು ಸೂರಿನವರೆಗೆ ಬಂದಿತ್ತು. ಬಚ್ಚಲುಮನೆ ಎಲ್ಲಿತ್ತೆಂದು ಗೊತ್ತಾಗುತ್ತಿರಲಿಲ್ಲ. ಅತ್ತೆಯ ಕಿಟಕಿಯ ಜಾಗದಲ್ಲಿ ನೀಲಿ ಟಾರ್ಪಾಲಿನ ಒಂದು ತುದಿ ಹೊರಚಾಚಿತ್ತು.

ಅತ್ತೆ ಫೋನ್ ಕೈಗೆ ತೆಗೆದುಕೊಂಡು ತುಂಬ ಹೊತ್ತು ನೋಡಿದರು. "ನನ್ನ ಮಂಚ ಎಲ್ಲಿ?" ಎಂದು ಮಗನನ್ನು ಕೇಳಿದರು. ನನ್ನ ಗಂಡ ಫೋಟೋದಲ್ಲಿ ಟಾರ್ಪಾಲಿನ ತುದಿಯ ಮೇಲೆ ಬೆರಳಿಟ್ಟು ತೋರಿಸಿದರು. ಆಗ ಅತ್ತೆ ತಲೆ ಎತ್ತಿ ನನ್ನನ್ನು ನೋಡಿದರು. ನೀನು ನನ್ನ ಜೀವ ಉಳಿಸಿದೆ ಎಂದು ಹೇಳುವ ನೋಟ ಅದೆಂದು ಆಗ ನಾನು ತಿಳಿದುಕೊಂಡೆ.

ಈಗ ನಾವು ಕುಶಾಲನಗರದಲ್ಲೇ ಬಾಡಿಗೆಗಿದ್ದೇವೆ. ಬೆನ್ನಿಗೆ ಬರೆಯಿಲ್ಲ, ಬಾಗಿಲುಗಳು ಸುಮ್ಮನೆ ಮುಚ್ಚುತ್ತವೆ. ಆದರೂ ದಿನಾ ಎದ್ದ ಕೂಡಲೇ ಬಚ್ಚಲಿನ ಬಾಗಿಲನ್ನು ಒಮ್ಮೆ ಮುಚ್ಚಿ ತೆರೆದು ನೋಡುತ್ತೇನೆ. ನನ್ನ ಹಿಂದೆ ಅತ್ತೆಯೂ ಹೋಗಿ ನೋಡುತ್ತಾರೆ. ನನ್ನ ಗಂಡ ಊಟಕ್ಕೆ ಕೂತರೆ ಸೂಚಿಯ ಮಾತು ಎತ್ತುವುದಿಲ್ಲ, ತಲೆ ಬಗ್ಗಿಸಿ ಉಣ್ಣುತ್ತಾರೆ. ಹೊಸ ಪುಸ್ತಕದ ಹಾಳೆಗಳು ಬಂದರೆ ಅತ್ತೆ ದೂರದಲ್ಲೇ ನಿಂತು, "ಇದು ಏನಂತೆ?" ಎಂದು ಮೆಲ್ಲಗೆ ಕೇಳುತ್ತಾರೆ.

ಹೋದ ತಿಂಗಳು ಬಂದದ್ದು ಜೇನುಹುಳಗಳ ಪುಸ್ತಕ. ಅಬ್ಬಾ, ಕೊನೆಗೂ ಒಂದು ಸಾಧು ವಿಷಯ ಎಂದು ಖುಷಿಯಾಗಿ ಓದುತ್ತಿದ್ದೆ. ಅದರಲ್ಲಿ ಒಂದು ತಮಾಷೆಯ ಸಂಗತಿಯಿತ್ತು. ದೂರದ ಯಾವುದೋ ಬೆಟ್ಟಗಳಲ್ಲಿ ಹುಳಗಳು ಒಂದು ಜಾತಿಯ ಹೂವಿನಿಂದ ತಂದ ಜೇನು ತಿಂದರೆ ಮನುಷ್ಯರಿಗೆ ತಲೆ ತಿರುಗುತ್ತದಂತೆ. ಬೆಳಿಗ್ಗೆ ಅತ್ತೆ ಬಿಸಿನೀರಿಗೆ ಭಾಗಮಂಡಲದ ಜೇನು ಕಲಸಿಕೊಳ್ಳುತ್ತಿದ್ದಾಗ ಅದನ್ನು ಹೇಳಿದೆ. ಬೇಕೆಂದೇ ಕಣ್ಣು ಅಗಲ ಮಾಡಿ, ಹಳೆಯ ಹೆದರುಪುಕ್ಕಲಿಯ ಹಾಗೆ ನಟಿಸಿ ಹೇಳಿದೆ. ಅವರು ನಗಲಿ, ಬಯ್ಯಲಿ, ನಮ್ಮಮ್ಮ ತಿಂದ್ಲು ಎಂದು ಶುರು ಮಾಡಲಿ ಎಂದು ಕಾದೆ. ಅತ್ತೆ ಲೋಟವನ್ನು ಕೆಳಗಿಟ್ಟರು.

ಸಂಜೆ ಅಡುಗೆಮನೆಗೆ ಹೋದರೆ ಜೇನಿನ ಬಾಟಲಿಯನ್ನು ತೊಳೆದು, ಸಿಂಕಿನ ಪಕ್ಕ ಬೋರಲು ಹಾಕಿದ್ದರು.

"ಪೂರ್ತಿ ಚೆಲ್ಬಿಟ್ಟೆ ಕಣಮ್ಮ," ಎಂದರು ಅತ್ತೆ. "ಲೋಟಾನೂ ಬಿಸಿನೀರಲ್ಲಿ ತೊಳ್ದಿದೀನಿ. ಸಾಕಲ್ವಾ?"