ಎಲ್ವಾ ಹೋರ್ಸ್ಟ್ ಎತ್ತಿಕೊಂಡ ಪುಸ್ತಕ

ಪೀಚ್ ಹಣ್ಣನ್ನು ಬಾಟಲಿಗೆ ತುಂಬುವ ವಾರದಲ್ಲಿ ನಮ್ಮ ಕಡೆ ಯಾರೂ ಯಾರ ಮನೆಗೂ ಸುಮ್ಮನೆ ಬರುವುದಿಲ್ಲ. ಹಾಗಾಗಿ ಬಿಷಪ್ ಲೀವೈ ಬ್ರೂಬೇಕರರ ಕಪ್ಪು ಕಾರು ಹೋರ್ಸ್ಟರ ಓಣಿಗೆ ತಿರುಗಿದ್ದನ್ನು ಕಿಟಕಿಯಿಂದ ಕಂಡ ಎಲ್ವಾ ಕೈಯಲ್ಲಿದ್ದ ಚಾಕುವನ್ನು ಕೆಳಗಿಟ್ಟಳು. ಅವತ್ತು ಸಿಪ್ಪೆ ಸುಲಿಯಲು ನಾನೂ ಲಿಜ್ಜೀ ಅಜ್ಜಿಯೂ ಅವಳ ಅಡುಗೆಮನೆಯಲ್ಲಿದ್ದೆವು. ಕಾರು ಮನೆಯ ಮುಂದೆ ನಿಲ್ಲದೆ ನೇರವಾಗಿ ಕೊಟ್ಟಿಗೆಯತ್ತ ಹೋಯಿತು.

"ಹಸು ನೋಡೋಕಂತೂ ಬಂದಿರಲ್ಲ," ಎಂದಳು ಲಿಜ್ಜೀ ಅಜ್ಜಿ.

ನಮ್ಮ ಮೆನೊನೈಟ್ ಕ್ರೈಸ್ತ ಸಭೆಯ ಬೋಧಕ ಏಮಸ್ ಆ ವಸಂತದಲ್ಲಿ ತೀರಿಕೊಂಡಿದ್ದರು. ಬೋಧಕನನ್ನು ನಾವು ಹೊರಗಿನಿಂದ ಕರೆಸುವುದಿಲ್ಲ, ಸಂಬಳ ಕೊಡುವುದಿಲ್ಲ. ನಮ್ಮೊಳಗಿನ ಒಬ್ಬ ಗಂಡಸನ್ನೇ ಚೀಟಿ ಹಾಕಿ ಆರಿಸುತ್ತೇವೆ. ಮೊದಲು ಒಂದು ಭಾನುವಾರ ಗಂಡಸರೂ ಹೆಂಗಸರೂ ಸಾಲಾಗಿ ಹೋಗಿ, ಪಕ್ಕದ ಕೋಣೆಯ ಅರ್ಧ ತೆರೆದ ಬಾಗಿಲಿನ ಹಿಂದೆ ಕೂತ ಬಿಷಪ್ಪರ ಕಿವಿಯಲ್ಲಿ ಒಂದು ಹೆಸರನ್ನು ಪಿಸುಗುಟ್ಟುತ್ತೇವೆ. ಮೂವರ ಬಾಯಲ್ಲಾದರೂ ಬಂದ ಹೆಸರು ಚೀಟಿಗೆ ಸೇರುತ್ತದೆ. ಮುಂದಿನ ಭಾನುವಾರ ಎಷ್ಟು ಹೆಸರೋ ಅಷ್ಟು ಕೀರ್ತನೆ ಪುಸ್ತಕಗಳನ್ನು ಮೇಜಿನ ಮೇಲಿಡುತ್ತಾರೆ. ಒಂದರೊಳಗೆ ಮಾತ್ರ ಚೀಟಿ. ಅದನ್ನು ಎತ್ತಿಕೊಂಡವನು ಸಾಯುವ ತನಕ ಬೋಧಕ. ಅವನು ಭಾನುವಾರದ ಉಪದೇಶ ಪ್ರಸಂಗಕ್ಕೆ, ಮದುವೆಗೆ, ಮಣ್ಣಿಗೆ ಎಂದು ಓಡಾಡುವಾಗ ಅವನ ಹಸುಗಳನ್ನು ಯಾರು ಕರೆಯಬೇಕು ಎಂಬುದನ್ನು ಚೀಟಿ ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ. ಚೀಟಿ ಹಾಕುವ ಬೆಳಿಗ್ಗೆ ನಮ್ಮ ಸಭಾಮನೆಯಲ್ಲಿ ಅಭ್ಯರ್ಥಿಗಳಿಗಿಂತ ಹೆಚ್ಚು ಬಿಳಿಚಿಕೊಂಡಿರುವುದು ಅವರ ಹೆಂಡತಿಯರ ಮುಖ.

ಸ್ವಲ್ಪ ಹೊತ್ತಿಗೆ ಕಾರು ಹೊರಟುಹೋಯಿತು. ಎಲ್ವಾಳ ಗಂಡ ಐವನ್ ಒಳಗೆ ಬಂದ. ಬೂಟಿನ ಸಗಣಿ ಒರೆಸದೆ ಎಲ್ವಾಳ ಅಡುಗೆಮನೆಗೆ ಅವನು ಕಾಲಿಟ್ಟದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ನನ್ನ ಹೆಸರು ಬಂದಿದೆಯಂತೆ," ಎಂದ.

ಐವನ್ ಒಳ್ಳೆಯವನು, ಆದರೆ ಮಾತಿನವನಲ್ಲ. ಊಟದ ಮುಂಚಿನ ಪ್ರಾರ್ಥನೆಯನ್ನೂ ಮನಸ್ಸಿನಲ್ಲೇ ಹೇಳಿಕೊಂಡು ಗಂಟಲು ಕೆರೆಯುತ್ತಾನೆ, ಮಕ್ಕಳು ಅದನ್ನೇ ಆಮೆನ್ ಎಂದು ತಿಳಿದು ತಟ್ಟೆಗೆ ಕೈ ಹಾಕುತ್ತಾರೆ. ನಾಲ್ಕು ಜನರ ಮುಂದೆ ನಿಲ್ಲಿಸಿದರೆ ಅವನ ಕುತ್ತಿಗೆ ಕೆಂಪಾಗಿ ನಾಲಿಗೆ ಕಟ್ಟಿಹೋಗುತ್ತದೆ.

"ನಿನ್ನ ಹೆಸರು ಯಾರು ಹೇಳಿದ್ರಂತೆ?" ಎಂದಳು ಎಲ್ವಾ.

"ಯಾರೋ. ಬಹಳ ಜನ ಅಂದ್ರು. ಎಲ್ಲರಿಗಿಂತ ಹೆಚ್ಚು ಅಂದ್ರು." ಅವನು ಕುರ್ಚಿ ಹಿಡಿದುಕೊಂಡ. "ನನ್ನ ಕೈಲಾಗಲ್ಲ ಎಲ್ವಾ."

ಲಿಜ್ಜೀ ಅಜ್ಜಿ ಸಿಪ್ಪೆಯ ಬೋಗುಣಿಯನ್ನು ತೊಡೆಯಿಂದ ಇಳಿಸಿದಳು.

"ಕೂತ್ಕೋ ಐವನ್. ನಾನೊಂದು ಹೇಳ್ತೀನಿ, ಇಬ್ರೂ ಕೇಳಿ. ನಾನು ಹೇಳಿದ ಹೆಸರು ನಿಂದಲ್ಲ. ಇವಳದು."

ಎಲ್ವಾ ತಿರುಗಿ ನೋಡಿದಳು.

"ಏನು ನೋಡ್ತೀಯ? ಎಪ್ಪತ್ತು ವರ್ಷ ದಾಟಿದೆ ನನಗೆ, ನನ್ನನ್ನೇನು ಮಾಡ್ತಾರೆ ಅಂತ ಧೈರ್ಯ ಮಾಡ್ದೆ. 'ಎಲ್ವಾ ಹೋರ್ಸ್ಟ್' ಅಂದೆ. ಬಿಷಪ್ ತಲೆ ಎತ್ತಲಿಲ್ಲ. 'ಐವನ್‌ನ ಎಲ್ವಾ ತಾನೆ?' ಅಂದ್ರು. ಹೌದು ಅಂದೆ. ತಲೆ ಆಡಿಸಿ ಬರ್ಕೊಂಡ್ರು. ನಾನು ಖುಷಿಯಾಗಿ ಮನೆಗೆ ಬಂದೆ!"

"ನಾನೂ ಅದನ್ನೇ ಹೇಳಿದ್ದು," ಎಂದೆ. "ನನಗೂ ಅದನ್ನೇ ಕೇಳಿದ್ರು."

ನಮ್ಮಲ್ಲಿ ಹೆಂಗಸನ್ನು ಗುರುತಿಸುವುದೇ ಹಾಗೆ. ಐವನ್‌ನ ಎಲ್ವಾ, ಕ್ಲೇರನ್ಸ್‌ನ ಅರ್ಮಾ. ಒಂದೇ ಹೆಸರಿನವರು ಬಹಳ ಇರುವುದರಿಂದ ಗಂಡನನ್ನು ಮುಂದಿಟ್ಟು ಹೇಳುತ್ತೇವೆ. ಆ ಬಾಗಿಲಿಗೆ ಹೋಗುವ ಮೊದಲು ನಾವು ಯಾರೂ ಯಾರೊಂದಿಗೂ ಮಾತಾಡಿಕೊಂಡಿರಲಿಲ್ಲ, ಆಡುವ ಹಾಗೂ ಇಲ್ಲ. ಇಂಥ ಹುಚ್ಚು ಕೆಲಸ ಮಾಡಿದವಳು ತಾನೊಬ್ಬಳೇ ಎಂದು ಪ್ರತಿಯೊಬ್ಬಳೂ ಅಂದುಕೊಂಡಿದ್ದಳು.

ಹುಚ್ಚಾದರೂ ಕಾರಣವಿಲ್ಲದ್ದಲ್ಲ. ಎಲ್ವಾ ಎಂಟನೇ ತರಗತಿಗೆ ಶಾಲೆ ಬಿಟ್ಟವಳು. ತಾಯಿ ಸತ್ತ ಮೇಲೆ ತಮ್ಮಂದಿರ ಬಟ್ಟೆ ಒಗೆದು, ಮದುವೆಯಾದ ಮೇಲೆ ಗಂಡನ ಹಸು ಕರೆದು, ಇಸ್ತ್ರಿ ಮಾಡುವ ಹಲಗೆಯ ತುದಿಯಲ್ಲಿ ಬೈಬಲ್ ತೆರೆದಿಟ್ಟುಕೊಂಡು ಓದಿದವಳು. ಏಮಸ್ ಕಾಯಿಲೆ ಬಿದ್ದ ಎರಡು ಚಳಿಗಾಲ ಜನ ತಮ್ಮ ಕಷ್ಟವನ್ನು ಹೊತ್ತುಕೊಂಡು ಹೋದದ್ದು ಅವಳ ಹಿಂಬಾಗಿಲಿಗೆ. ಬೇಲಿಯ ಜಗಳದಲ್ಲಿ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರನ್ನು ಅವಳು ಒಂದೇ ಬೋಗುಣಿಯ ಬಟಾಣಿ ಬಿಡಿಸಲು ಕೂರಿಸಿ, ಕೊನೆಯ ಕಾಳು ಬೀಳುವ ತನಕ ಎದ್ದೇಳಲು ಬಿಡಲಿಲ್ಲ. ನನ್ನ ಮಗು ಹೊಟ್ಟೆಯಲ್ಲೇ ಸತ್ತಾಗ ಎಲ್ಲರೂ ದೇವರ ಚಿತ್ತ ಎಂದು ಹೇಳಿ ಹೋದರು. ಎಲ್ವಾ ಮಾತ್ರ ನನ್ನ ಪಕ್ಕ ಕೂತು, "ಬೈಬಲಿನ ಹನ್ನಳಿಗೂ ತನ್ನ ಮಡಿಲು ಬರಿದಾಗಿದ್ದು ಸರಿ ಅನ್ನಿಸಿರಲಿಲ್ಲ, ಅವಳು ದೇವರ ಮುಂದೆ ಅದನ್ನೇ ಹೇಳಿದಳು, ನೀನೂ ಹೇಳು," ಎಂದಳು. ಇದಕ್ಕಿಂತ ದೊಡ್ಡ ಪ್ರಸಂಗವನ್ನು ನಾನು ಕೇಳಿಲ್ಲ.

ಒಲೆಯ ಮೇಲೆ ಸಕ್ಕರೆ ಪಾಕ ಉಕ್ಕಿ ಸುರಿಯಿತು, ಯಾರೂ ಇಳಿಸಲಿಲ್ಲ.

"ಚೀಟಿ ಐವನ್‌ಗೆ ಬಿದ್ರೆ ಏನಾಗುತ್ತೆ ಗೊತ್ತಾ?" ಎಂದಳು ಎಲ್ವಾ. "ಹೇಳಬೇಕಾದ್ದನ್ನೆಲ್ಲ ಶನಿವಾರ ನಾನು ಇವನಿಗೆ ಹೇಳಿಕೊಡಬೇಕು. ಭಾನುವಾರ ಇವನು ಅಲ್ಲಿ ನಿಂತು ಬೆವರಬೇಕು. ಹಸುವೂ ನನ್ನದೇ, ಪ್ರಸಂಗವೂ ನನ್ನದೇ. ಹೆಸರು ಮಾತ್ರ ಅಲ್ಲ."

ಶುಕ್ರವಾರ ಅವಳು ಬಿಷಪ್ಪರ ತೋಟಕ್ಕೆ ಹೋದಳು. ನನ್ನ ಕಾರಿನಲ್ಲೇ ಹೋದದ್ದು. ಲೀವೈ ಬ್ರೂಬೇಕರ್ ಏಣಿಯ ಮೇಲೆ ನಿಂತು ಬೇಸಿಗೆ ಸೇಬು ಕೀಳುತ್ತಿದ್ದರು. ಕೆಟ್ಟ ಮನುಷ್ಯರಲ್ಲ. ಚೀಟಿ ದೇವರ ಕೈ ಎಂದು ಎಲುಬಿನ ತನಕ ನಂಬಿದವರು.

"ಬ್ರದರ್ ಲೀವೈ, ನನ್ನ ಹೆಸರು ಹೇಳಿದ್ದನ್ನ ನೀವು ಐವನ್ ಅಂತ ಬರ್ಕೊಂಡ್ರಿ."

ಅವರು ಇಳಿದು ಬಂದರು. "ಸಿಸ್ಟರ್ ಎಲ್ವಾ, ಹೆಂಡತಿ ಹೆಸರು ಹೇಳಿದ್ರೆ ಮನೆಯ ಹೆಸರು ಹೇಳಿದ ಹಾಗೆ. ಗಂಡ ಹೆಂಡತಿ ಒಂದೇ ಶರೀರ ಅಲ್ವಾ?"

"ಹಾಗಾದ್ರೆ ಯಾರಾದ್ರೂ ಐವನ್ ಅಂದಿದ್ರೆ ನೀವು ಎಲ್ವಾ ಅಂತ ಬರೀತಿದ್ರಾ?"

ಬಿಷಪ್ ಕೈಯಲ್ಲಿದ್ದ ಸೇಬನ್ನು ತಿರುಗಿಸಿ ತಿರುಗಿಸಿ ನೋಡಿದರು, ಅದರಲ್ಲಿ ಹುಳು ಹುಡುಕುವವರಂತೆ. "ಹೆಂಗಸನ್ನ ಚೀಟಿಗೆ ಹಾಕೋ ಅಧಿಕಾರ ನನಗಿಲ್ಲ."

"ತೆಗೆಯೋ ಅಧಿಕಾರ ಇತ್ತಾ?"

"ಭಾನುವಾರ ನಾಲ್ಕು ಪುಸ್ತಕ ಇಡ್ತೀವಿ," ಎಂದರು ಅವರು. "ಐವನ್ ಬಂದು ಕೂರ್ಲಿ. ದೇವರು ನೋಡ್ಕೊಳ್ತಾನೆ." ಮತ್ತೆ ಏಣಿ ಹತ್ತಿದರು.

ವಾಪಸು ಬಂದು ಮನೆಯ ಓಣಿಯಲ್ಲಿ ಕಾರಿನಿಂದ ಇಳಿಯುವಾಗ ಎಲ್ವಾ, "ಸಭೆ ಕರೆದರೆ ಅದು ದೇವರ ಕರೆ ಅಂತ ನನಗೆ ಕಲಿಸಿದವರು ಅವರೇ ಕಣೇ," ಎಂದಳು. "ಈಗ ನಾನು ಸುಮ್ಮನಿದ್ರೆ ಯಾರಿಗೆ ಸುಳ್ಳು ಹೇಳಿದ ಹಾಗೆ?"

ಭಾನುವಾರ ಸಭಾಮನೆಯಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಎಡಕ್ಕೆ ಹೆಂಗಸರು, ಬಲಕ್ಕೆ ಗಂಡಸರು. ಚೀಟಿಯಲ್ಲಿದ್ದವರು ಮಾತ್ರ ತಮ್ಮ ತಮ್ಮ ಹೆಂಡತಿಯರೊಂದಿಗೆ ಮುಂದಿನ ಬೆಂಚುಗಳಲ್ಲಿ. ಮೇಜಿನ ಮೇಲೆ ರಬ್ಬರ್ ಬ್ಯಾಂಡ್ ಹಾಕಿದ ನಾಲ್ಕು ಪುಸ್ತಕಗಳು ಒಂದೇ ಬಣ್ಣದಲ್ಲಿ, ಒಂದೇ ದಪ್ಪದಲ್ಲಿ ಕೂತಿದ್ದವು. ಚೀಟಿ ಯಾವುದರಲ್ಲಿದೆ ಎಂದು ಇಟ್ಟವರಿಗೂ ಗೊತ್ತಿರದಂತೆ ಇನ್ನೊಬ್ಬರು ಅವನ್ನು ಅದಲುಬದಲು ಮಾಡಿರುತ್ತಾರೆ.

ಪ್ರಾರ್ಥನೆ ಮುಗಿಯಿತು. ಇಬ್ಬರು ಎದ್ದು ಒಂದೊಂದು ಪುಸ್ತಕ ಎತ್ತಿಕೊಂಡು ಬಂದು ಕೂತರು. ಮೂರನೆಯ ಸರದಿ ಐವನ್‌ನದು.

"ಬ್ರದರ್ ಐವನ್," ಎಂದರು ಬಿಷಪ್.

ಐವನ್ ಎದ್ದ. ಮೇಜಿನತ್ತ ಹೋಗಲಿಲ್ಲ. ಕುತ್ತಿಗೆಯ ಕೆಂಪು ಕಿವಿಗೆ ಏರಿತು. ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಯಾರದೋ ಕೂಸು ಅತ್ತಿತು.

"ಸಭೆ ಹೇಳಿದ್ದು ನನ್ನ ಹೆಸರಲ್ಲ," ಎಂದ. ಗಂಟಲು ಕೆರೆದ. "ಅವಳದು." ಕೂತುಬಿಟ್ಟ. ಮದುವೆಯ ದಿನ ಬಿಟ್ಟರೆ ಅಷ್ಟು ಜನರ ಮುಂದೆ ಅವನು ಬಾಯಿ ಬಿಟ್ಟದ್ದು ಅದೇ.

ಎಲ್ವಾ ಎದ್ದಳು. ಮೇಜಿನ ತನಕ ನಡೆದಳು. ಒಂದು ಪುಸ್ತಕ ಎತ್ತಿಕೊಂಡಳು. ತಿರುಗಿ ಬಂದು ಕೂತಳು. ಗಂಡಸರ ಕಡೆಯಿಂದ ಜೇನುಗೂಡಿಗೆ ಕಲ್ಲು ಬಿದ್ದಂತೆ ಸದ್ದೆದ್ದಿತು.

"ಸಿಸ್ಟರ್, ಅದನ್ನ ಕೆಳಗಿಡಿ," ಎಂದರು ಬಿಷಪ್.

"ಇಡ್ತೀನಿ ಬ್ರದರ್ ಲೀವೈ. ನನ್ನ ಹೆಸರು ಹೇಳಿದವರು ಯಾರೂ ಇಲ್ಲ ಅಂತಾದ್ರೆ ಈಗಲೇ ಇಡ್ತೀನಿ. ಇದ್ರೆ ಅವರು ಎದ್ದು ನಿಲ್ಲಲಿ."

ಕಿವಿಯಲ್ಲಿ ಹೇಳಿದ್ದನ್ನು ಹೊರಗೆ ಹೇಳಬಾರದು. ಅದು ನಮ್ಮ ಕಟ್ಟಳೆ. ಯಾರೂ ಅಲುಗಾಡಲಿಲ್ಲ. ಪಕ್ಕದಲ್ಲಿ ಲಿಜ್ಜೀ ಅಜ್ಜಿ ನನ್ನ ಭುಜವನ್ನೇ ಊರುಗೋಲು ಮಾಡಿಕೊಂಡು ಎದ್ದಳು.

"ಮಂಡಿ ನೋಯುತ್ತೆ," ಎಂದಳು ಎಲ್ಲರಿಗೂ ಕೇಳುವ ಹಾಗೆ. "ಬೇಗ ನೋಡ್ಕೊಂಡುಬಿಡಿ."

ಅವಳ ಜೊತೆ ನಾನೂ ಎದ್ದೆ. ಹಿಂದಿನಿಂದ ಬಟ್ಟೆ ಸರಿದಾಡುವ ಸದ್ದು ಕೇಳಿಸಿತು. ತಿರುಗಿ ನೋಡಿದರೆ ಹೆಂಗಸರ ಬಿಳಿ ಬಲೆಯ ಟೋಪಿಗಳು ಒಂದೊಂದಾಗಿ ಮೇಲೇಳುತ್ತಿದ್ದವು. ಕೆಲವರು ಗಂಡನ ಕಡೆ ನೋಡದೆ, ಕೆಲವರು ನೋಡಿಯೇ ನಿಂತರು. ಗಂಡಸರ ಬದಿಯಲ್ಲೂ ಬಟಾಣಿ ಬಿಡಿಸಿದ್ದ ಅಣ್ಣತಮ್ಮಂದಿರಲ್ಲಿ ಹಿರಿಯವನು ಟೋಪಿಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದ.

ಬಿಷಪ್ ನಿಂತವರನ್ನೆಲ್ಲ ಒಮ್ಮೆ ನೋಡಿದರು. ಆಮೇಲೆ ನಾಲ್ಕನೆಯವನಾದ ಕ್ಲೇರನ್ಸ್‌ಗೆ ತಲೆಯಾಡಿಸಿದರು. ಟ್ರ್ಯಾಕ್ಟರ್ ರಿಪೇರಿ ಮಾಡುವ ಕ್ಲೇರನ್ಸ್ ಉಳಿದಿದ್ದ ಪುಸ್ತಕವನ್ನು ಬಿಸಿ ಕಬ್ಬಿಣದಂತೆ ಹಿಡಿದು ತಂದ.

ಇನ್ನು ತೆರೆಯಬೇಕು. ಬಿಷಪ್ ಮೊದಲನೆಯವನ ಪುಸ್ತಕ ತೆಗೆದುಕೊಂಡರು, ಬ್ಯಾಂಡ್ ಬಿಚ್ಚಿದರು, ಪುಟ ಹಾರಿಸಿದರು. ಇಲ್ಲ. ಎರಡನೆಯದು. ಇಲ್ಲ. ಅವನ ಹೆಂಡತಿ ಮುಖ ಮುಚ್ಚಿಕೊಂಡು ಉಸಿರು ಬಿಟ್ಟಳು.

ಬಿಷಪ್ ಎಲ್ವಾಳ ಮುಂದೆ ನಿಂತರು. ದಾಟಿ ಹೋಗಬಹುದಿತ್ತು. ದಾಟಿ ಕ್ಲೇರನ್ಸ್‌ನ ಪುಸ್ತಕ ತೆರೆದು, ಚೀಟಿ ಅಲ್ಲಿದ್ದರೆ, ಎಲ್ವಾಳ ಕೈಯಲ್ಲಿದ್ದದ್ದು ಬರಿಯ ಕೀರ್ತನೆ ಪುಸ್ತಕವಾಗಿಬಿಡುತ್ತಿತ್ತು. ಅಲ್ಲಿಲ್ಲದಿದ್ದರೆ? ಆ ಲೆಕ್ಕ ಅವರ ಮುಖದ ಮೇಲೆ ಹಾದುಹೋದದ್ದನ್ನು ನಾನು ಕಂಡೆ. ಎಲ್ವಾ ಪುಸ್ತಕವನ್ನು ಮುಂದೆ ಚಾಚಿರಲೂ ಇಲ್ಲ, ಬಚ್ಚಿಟ್ಟುಕೊಂಡಿರಲೂ ಇಲ್ಲ. ಅದು ಅವಳ ತೊಡೆಯ ಮೇಲೆ, ಎರಡು ಕೈಗಳ ನಡುವೆ ಇತ್ತು. ಪೀಚಿನ ಕಲೆ ಇನ್ನೂ ಉಗುರಿನಿಂದ ಹೋಗಿರಲಿಲ್ಲ.

ಅವರು ಕೈ ಚಾಚಿದರು. "ಸಿಸ್ಟರ್ ಎಲ್ವಾ ಹೋರ್ಸ್ಟ್," ಎಂದರು. ಪುಸ್ತಕ ತೆಗೆದುಕೊಂಡರು. ಬ್ಯಾಂಡ್ ಅವರ ಬೆರಳಿಗೆ ಸಿಕ್ಕಿಕೊಂಡಿತು. ಪುಟ ಹಾರಿಸಿದರು, ಮತ್ತೊಮ್ಮೆ ಹಾರಿಸಿದರು.

ಇಲ್ಲ.

ಇಡೀ ಬಲಬದಿಯ ಭುಜಗಳು ಒಟ್ಟಿಗೆ ಕೆಳಗಿಳಿದವು. ಕ್ಲೇರನ್ಸ್‌ನ ಪುಸ್ತಕ ತೆರೆಯುವ ಮೊದಲೇ ಅವನ ಹೆಂಡತಿ ಅರ್ಮಾ ಗೋಳೋ ಎಂದು ಅಳತೊಡಗಿದ್ದಳು. ಚಿಕ್ಕ ಮಕ್ಕಳು, ಹೊಸದಾಗಿ ತಂದ ಒಂದು ಸಾಲು ಹಸುಗಳು, ತುಂಬಿದ ಗ್ಯಾರೇಜು. ಅವಳಿಗೆ ತನ್ನ ಪಾಲು ಗೊತ್ತಾಗಿತ್ತು.

ಹೊರಗೆ ಜಲ್ಲಿಯ ಅಂಗಳದಲ್ಲಿ ಜನ ಗುಂಪು ಗುಂಪಾಗಿ ನಿಂತರು. ನಮ್ಮ ಗುಂಪಿನ ಹತ್ತಿರ ಹೆಚ್ಚು ಜನ ಬರಲಿಲ್ಲ.

"ಖಾಲಿ ಬಂತಲ್ಲೇ," ಎಂದಳು ಲಿಜ್ಜೀ ಅಜ್ಜಿ.

"ಬಂತು," ಎಂದಳು ಎಲ್ವಾ. "ಹಗುರವೂ ಆಯ್ತು, ಹೊಟ್ಟೆಯೂ ಉರೀತು. ಆದ್ರೆ ನನ್ನ ಕೈಯಿಂದಲೇ ತಗೊಂಡ್ರು, ನನ್ನ ಹೆಸರು ಹೇಳಿಯೇ ತಗೊಂಡ್ರು. ನೀವೆಲ್ಲ ನೋಡಿದ್ರಲ್ಲ."

ಆಗ ಕ್ಲೇರನ್ಸ್ ಬಂದ. ಚೀಟಿ ಸಿಕ್ಕ ತಕ್ಷಣವೇ ಅವನ ತಲೆಯ ಮೇಲೆ ಕೈಯಿಟ್ಟು ಬೋಧಕನನ್ನಾಗಿ ಮಾಡಿಯಾಗಿತ್ತು. ಹತ್ತು ನಿಮಿಷದಲ್ಲಿ ಹತ್ತು ವರ್ಷ ವಯಸ್ಸಾದವನಂತೆ ಕಾಣುತ್ತಿದ್ದ. ಟೋಪಿ ಕೈಯಲ್ಲಿತ್ತು.

"ಎಲ್ವಾ, ಮುಂದಿನ ಭಾನುವಾರ ನಾನೇ ಮಾತಾಡ್ಬೇಕಂತೆ." ಅವನು ಅಕ್ಕಪಕ್ಕ ನೋಡಿ ದನಿ ತಗ್ಗಿಸಿದ. "ನನಗೆ ಏನೂ ತೋಚ್ತಿಲ್ಲ. ಶನಿವಾರ ಸಂಜೆ ನಿಮ್ಮ ಮನೆ ಕಡೆ ಬರ್ಲಾ? ಒಂಚೂರು ಹೇಳಿಕೊಟ್ರೆ..."

ಎಂದಿನ ಎಲ್ವಾ ಆಗಿದ್ದರೆ, ಬಾ, ಊಟಕ್ಕೂ ಇರು, ಅರ್ಮಾಳನ್ನೂ ಕರೆದುಕೊಂಡು ಬಾ ಎನ್ನುತ್ತಿದ್ದಳು. ಅವಳ ಬಾಯಿ ಆ ಮಾತಿಗೇ ತೆರೆದದ್ದನ್ನು ಕಂಡೆ. ಅವಳು ಅದನ್ನು ಮುಚ್ಚಿದಳು.

"ಹೇಳಿಕೊಡಲ್ಲ ಕ್ಲೇರನ್ಸ್."

"ಕೋಪಾನಾ?"

"ಇಲ್ಲಪ್ಪ. ನಿನ್ನ ಮಾತು ನೀನು ಹುಡುಕ್ಕೋ, ಸಿಗುತ್ತೆ. ನನ್ನ ಮಾತು ಬೇಕು ಅಂದ್ರೆ ನಾನೇ ನಿಂತು ಹೇಳ್ತೀನಿ. ಅಲ್ಲಿ, ಮುಂದೆ. ಈಗ ಬೋಧಕ ನೀನು, ಪ್ರಸಂಗಕ್ಕೆ ನನ್ನನ್ನ ಕರೀಬಹುದಾ ಅಂತ ಕೇಳೋ ಹಕ್ಕು ನಿನಗಿದೆ." ಅವಳು ಅಂಗಳದ ಆಚೆ ಕಪ್ಪು ಕಾರಿನತ್ತ ಗದ್ದ ತೋರಿಸಿದಳು. "ಹೋಗಿ ಅವರನ್ನ ಕೇಳು."

ಬಿಷಪ್ ಕಾರಿನ ಬಾಗಿಲಿಗೆ ಕೈ ಹಾಕಿದ್ದರು. ಕ್ಲೇರನ್ಸ್ ಎಲ್ವಾಳನ್ನು ನೋಡಿದ, ಅಳುತ್ತಿದ್ದ ಅರ್ಮಾಳನ್ನು ನೋಡಿದ, ಟೋಪಿಯನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿದ. ಆಮೇಲೆ ಅದನ್ನು ತಲೆಗೆ ಹಾಕಿಕೊಂಡು ಜಲ್ಲಿಯ ಮೇಲೆ ಬಿಷಪ್ಪರತ್ತ ನಡೆಯತೊಡಗಿದ.