ತೂಕ ತಪ್ಪದ ಸಂಸಾರ

ಗುಮಾಸ್ತರು ೧೯೮೭ನೆಯ ಇಸವಿ ಏಪ್ರಿಲ್ ಹನ್ನೆರಡರ ಭಾನುವಾರ ಒಂದು ಪುಟ್ಟ ಹಾಯಿದೋಣಿಯನ್ನು ಕೊಂಡರು. ಅಂದಿನಿಂದ ಮನೆಗೂ ಕೆರೆಗೂ ವ್ಯತ್ಯಾಸವೇ ಉಳಿಯಲಿಲ್ಲವೆಂಬುದು ಅವರ ಹೆಂಡತಿಯ ದೂರು. ದೋಣಿ ವಾಲದಿರಲೆಂದು ಮಗನನ್ನು ಎಡಕ್ಕೂ ಮಗಳನ್ನು ಬಲಕ್ಕೂ ಕೂರಿಸುತ್ತಿದ್ದ ಅವರು ಊಟಕ್ಕೂ ಹಾಗೆಯೇ ಕೂರಿಸುತ್ತಿದ್ದರು. ಮಗ ಎರಡನೆಯ ಸಲ ಬಡಿಸಿಕೊಂಡರೆ, "ಅವಳಿಗೂ ಹಾಕೇ, ಮನೆ ವಾಲುತ್ತೆ!" ಎಂದು ಗದರುವರು. ನೆಂಟರು ಬಂದರೆ ಮೈಕಟ್ಟು ನೋಡಿ ಜಾಗ ತೋರಿಸುವರು. ದಢೂತಿ ಭಾವಮೈದುನನಿಗೆ ಸದಾ ನಟ್ಟನಡುವಿನ ಕುರ್ಚಿ. ಕಿಟಕಿಯಿಂದ ಗಾಳಿ ಬೀಸಿದರೆ ಸಾಕು, ದೋಣಿಯಲ್ಲಿ ಹಾಯಿಯ ಅಡ್ಡಮರ ತಲೆಗೆ ಬಡಿಯಲು ಬಂದಾಗಿನಂತೆ "ತಲೆ!" ಎಂದು ಕೂಗುವರು, ಮಕ್ಕಳು ಬಾಯಲ್ಲಿ ತುತ್ತಿಟ್ಟುಕೊಂಡೇ ಬಗ್ಗುವರು. ಮಗಳು ಪುಟ್ಟಿ ಮದುವೆಯಾಗಿ ಹೋದ ಮೇಲೆ ದೋಣಿ ಎಡಕ್ಕೆ ವಾಲತೊಡಗಿತು. ಗುಮಾಸ್ತರು ಅವಳಷ್ಟೇ ತೂಕದ ಮರಳಿನ ಮೂಟೆಯೊಂದನ್ನು ಬಲಕ್ಕೆ ಕೂರಿಸಿ, ಅವಳ ಲೈಫ್ ಜಾಕೆಟ್ ತೊಡಿಸಿ, ಪಟ್ಟಿಯನ್ನು ಎರಡೆರಡು ಸಲ ಬಿಗಿದರು. "ಅದೇನು ಮುಳುಗಿ ಸಾಯುತ್ತೇನ್ರೀ? ಮರಳು ಕಣ್ರೀ ಅದು!" ಎಂದು ದೋಣಿಯ ನಡುವೆ ಕೂತಿದ್ದ ಹೆಂಡತಿ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಅಷ್ಟರಲ್ಲಿ ಗಾಳಿ ತಿರುಗಿ ಹಾಯಿಯ ಅಡ್ಡಮರ ಇತ್ತ ಬೀಸಿ ಬಂತು. "ಪುಟ್ಟೀ, ತಲೆ!" ಎಂದು ಗುಮಾಸ್ತರು ಕಿರುಚಿದರು. ನಗುತ್ತಿದ್ದ ಹೆಂಡತಿ, ತಾವು ಬಗ್ಗುವುದಕ್ಕೆ ಮೊದಲು ಮೂಟೆಯನ್ನು ಬಗ್ಗಿಸಿದರು.