ಪಲ್ಪರ್ ಮನೆಯ ಫಿಟ್ಟರು

ಅವರ ಬಲಗಿವಿಗೆ ಯಾವಾಗಲೂ ಗ್ರೀಸಿನ ಕಪ್ಪು ಮೆತ್ತಿಕೊಂಡಿರುತ್ತಿತ್ತು. ಓಡುವ ಯಂತ್ರಕ್ಕೆ ಕಬ್ಬಿಣದ ಸರಳೊಂದನ್ನು ಆನಿಸಿ, ಅದರ ತುದಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಆಲಿಸುತ್ತಿದ್ದರು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಪಾಲಿಬೆಟ್ಟದ ಕಡೆಯ ಕಾಫಿ ತೋಟವೊಂದಕ್ಕೆ ನಾನು ಲೆಕ್ಕ ಬರೆಯುವ ರೈಟರಾಗಿ ಹೋದಾಗ ಅವರು ಅಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ಫಿಟ್ಟರು.

“ಓಡುವಾಗ ಬರುವ ಕಾಯಿಲೆ ನಿಲ್ಲಿಸಿದ್ರೆ ಎಲ್ಲಿ ಸಿಗ್ತದೆ ಮಾರಾಯ್ರೆ?” ಎನ್ನುತ್ತಿದ್ದರು, ಮಂಗಳೂರು ಕಡೆಯ ಕನ್ನಡದಲ್ಲಿ.

ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಒಂದು ಕೋಣೆಯಲ್ಲಿ, ಅದನ್ನು ಓಡಿಸುವ ಎಂಜಿನ್ ಗೋಡೆಯಾಚೆ. ಆ ಸದ್ದಿನಲ್ಲಿ ಕೂಗಿದರೆ ಕೇಳದು. ಅದಕ್ಕೇ ಫಿಟ್ಟರು ಗೋಡೆ ಕೊರೆದು ತಂತಿ ಹಾಯಿಸಿ, ಆಚೆ ಗಂಟೆ ಕಟ್ಟಿದ್ದರು. ಒಂದು ಸಲ ಎಳೆದರೆ ನಿಧಾನಿಸು. ಎರಡು ಸಲ ಎಳೆದರೆ ಬೆಲ್ಟ್ ಕಳಚಿ ನಿಲ್ಲಿಸು. ಒಮ್ಮೆ ನನ್ನ ಪಂಚೆ ಬೆಲ್ಟಿಗೆ ಸಿಕ್ಕಿತು. ಅವರು ತಂತಿ ಜಗ್ಗಿದರು, ಎಂಜಿನ್ ಡ್ರೈವರ್ ನಿಲ್ಲಿಸಿದ. ಪಂಚೆ ಹೋಯಿತು, ಕಾಲು ಉಳಿಯಿತು.

ಹಣ್ಣಿನ ಪಿಕ್ಕಿಂಗ್ ಜೋರಾಗಿದ್ದ ಒಂದು ವರ್ಷ ಕೊಯ್ದದ್ದು ರಾಶಿ ಬಿದ್ದು ಹುಳಿಯತೊಡಗಿತು. ಪಲ್ಪರ್ ಪದೇ ಪದೇ ನಿಲ್ಲುವುದನ್ನು ಕಂಡು ರೇಗಿದ ಮ್ಯಾನೇಜರು, ಗಂಟೆ ಬಡಿದರೂ ತಾನು ಹೇಳದೆ ನಿಲ್ಲಿಸಬಾರದೆಂದು ಡ್ರೈವರಿಗೆ ತಾಕೀತು ಮಾಡಿದ್ದರು. ಅದು ನಮಗೆ ತಿಳಿದದ್ದು ಆಮೇಲೆ.

ಆ ದಿನ ಪಲ್ಪರಿನೊಳಗೆ ಏನೋ ಕರಕರ ಎನ್ನುತ್ತಿತ್ತು. ಫಿಟ್ಟರು ಬಾಗಿ ಆಲಿಸುತ್ತಿದ್ದಾಗ ಅಂಗಿಯ ತೋಳು ಹಲ್ಲಿನ ಚಕ್ರಕ್ಕೆ ಸಿಕ್ಕಿತು. ಎಡಗೈಯಿಂದ ತಂತಿ ಎಳೆದರು. ಮತ್ತೆ ಎಳೆದರು. ಎಳೆಯುತ್ತಲೇ ಇದ್ದರು. ನಾನು ಆಚೆಗೆ ಓಡಿದೆ. ಗಂಟೆ ಬಡಿದುಕೊಳ್ಳುತ್ತಿತ್ತು. ಡ್ರೈವರ್ ಬೆಲ್ಟ್ ಕಳಚುವ ಹಿಡಿಯ ಪಕ್ಕದಲ್ಲೇ ನಿಂತಿದ್ದ.

“ಮ್ಯಾನೇಜರು ಬೇಡ ಅಂದಿದ್ದಾರೆ ಸಾರ್...”

ಅವನನ್ನು ತಳ್ಳಿ ನಾನೇ ಹಿಡಿ ಎಳೆದೆ. ಅಷ್ಟರಲ್ಲಿ ಅವರ ತೋಳು ಮೊಣಕೈವರೆಗೆ ಜಜ್ಜಿಹೋಗಿತ್ತು.

ವಿಚಾರಣೆಯಲ್ಲಿ ಡ್ರೈವರ್, ಗಂಟೆ ಕೇಳಲಿಲ್ಲ ಎಂದ. ಕೇಳಿತ್ತು, ಮ್ಯಾನೇಜರು ನಿಲ್ಲಿಸಬೇಡ ಅಂದಿದ್ದರು ಎಂದು ನಾನು ಹೇಳಿದೆ. ನನ್ನ ಕೆಲಸ ಹೋಯಿತು, ಬೇರೇನೂ ಆಗಲಿಲ್ಲ.

ಆಸ್ಪತ್ರೆಯಲ್ಲಿ ಅವರು ಬೇಸರಪಟ್ಟುಕೊಂಡರು. “ನೀವು ಎಂತಕ್ಕೆ ಹೇಳ್ಲಿಕ್ಕೆ ಹೋದದ್ದು ರೈಟರೇ? ಅವನಿಗೂ ಮಕ್ಕಳುಂಟು. ನನ್ನ ಕೈ ವಾಪಸ್ ಬರ್ತದಾ?” ನಂತರ ಕೇಳಿದರು: “ಪಲ್ಪರ್ ಓಡ್ತಾ ಉಂಟಾ?”

ಅಪಘಾತದ ಸಂಜೆಯೇ ಅದನ್ನು ತೊಳೆದು ಓಡಿಸಿದ್ದರು. ಹೂಂ ಎಂದೆ. ಅವರು ಗೋಡೆಯ ಕಡೆ ಹೊರಳಿಕೊಂಡರು. ಆಮೇಲೆ ನಾನು ಹೋದಾಗಲೆಲ್ಲ ಹಾಗೆಯೇ ಮಲಗಿರುತ್ತಿದ್ದರು. ಗಾಯ ಕೊಳೆಯಿತು, ಮುಂಗಾರಿಗೆ ಮೊದಲೇ ತೀರಿಕೊಂಡರು.

ಅವರ ಊರಿನಿಂದ ಯಾರಿಗೂ ಬರಲಾಗಲಿಲ್ಲ. ಚಟ್ಟಕ್ಕೆ ಒಂದು ಹೆಗಲು ಕಡಿಮೆಯಾದಾಗ ದೂರ ನಿಂತಿದ್ದ ಡ್ರೈವರ್ ಹತ್ತಿರ ಬಂದ. ಯಾರೂ ಬೇಡವೆನ್ನಲಿಲ್ಲ. ನನ್ನ ಪಕ್ಕಕ್ಕೇ ಅವನು ಹೆಗಲು ಕೊಟ್ಟ.